ಬಾಣಲೆಯ ಎಣ್ಣೆಗೆ ವಯಸ್ಸೆಷ್ಟು?

(ಅಂಕೋಲೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)

ಕಾರವಾರದ ಮೀನೂಟದ ಹೋಟೆಲಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಕೂತವರನ್ನು ಮಾಣಿ ಮೊದಲು ಕೇಳುವುದು ಫ್ರೈ ಏನು ಬೇಕೆಂದು. ಊಟದ ಬಗ್ಗೆ ಕೇಳುವ ಅಗತ್ಯವಿಲ್ಲ, ಅದು ಬಂದೇ ಬರುತ್ತದೆ: ಅನ್ನ, ಮೀನು ಸಾರು, ಒಂದು ಸುಕ್ಕೆ, ಕೊನೆಗೆ ಸೋಲ್ ಕಡಿ. ಇಸ್ವಾಣವೋ ನೋಗ್ಲಿಯೋ ಬಂಗುಡೆಯೋ, ರವಾ ಫ್ರೈಯೋ ಮಸಾಲಾ ಫ್ರೈಯೋ ಎಂಬುದನ್ನು ಗಿರಾಕಿಯೇ ಹೇಳಬೇಕು. ಬಿಲ್ಲು ಬಂದಾಗ ನೋಡಿದರೆ ಊಟದ ಬೆಲೆಯನ್ನು ಫ್ರೈಯ ಬೆಲೆ ಹಿಂದೆ ಹಾಕಿರುತ್ತದೆ.

ಅಂಕೋಲೆ ಬಸ್ ನಿಲ್ದಾಣದ ಸುತ್ತಲಿನ ಚಾ ಅಂಗಡಿಗಳ ಗಾಜಿನ ಕಪಾಟು ಬೆಳಿಗ್ಗೆಯೇ ತುಂಬಿರುತ್ತದೆ. ಬನ್ಸ್, ಉದ್ದಿನ ವಡೆ, ಬಟಾಟೆ ವಡೆ. ಸಂಜೆಯಾದರೆ ಕಾಂದಾ ಭಜಿ, ಮಿರ್ಚಿ. ಕತ್ತಲಾದ ಮೇಲೆ ಗಾಡಿಗಳಲ್ಲಿ ಗೋಬಿ ಮಂಚೂರಿ, ಕಬಾಬು. ಒಬ್ಬನೇ ಮನುಷ್ಯ ಒಂದೇ ದಿನ ಮೂರು ಕಡೆ ಎಣ್ಣೆಯಲ್ಲಿ ಮುಳುಗಿ ಎದ್ದದ್ದನ್ನು ತಿಂದು ಮನೆಗೆ ಹೋಗುವುದು ಈಗ ಯಾರ ಹುಬ್ಬನ್ನೂ ಏರಿಸುವುದಿಲ್ಲ. ಆಟೋ ಓಡಿಸುವವರು, ಕಟ್ಟಡ ಕೆಲಸದವರು, ಹೆದ್ದಾರಿಯ ಲಾರಿ ಚಾಲಕರು, ಬಂದರಿನಲ್ಲಿ ಮೀನು ಇಳಿಸುವವರು, ಹೀಗೆ ಕೈಯಲ್ಲಿ ಹೊತ್ತಿಲ್ಲದವರಿಗೆಲ್ಲ ಹೊಟ್ಟೆ ತುಂಬಿಸುವ ಅತಿ ಅಗ್ಗದ, ಅತಿ ಬೇಗದ ದಾರಿ ಅದೇ. ಹತ್ತಿಪ್ಪತ್ತು ರೂಪಾಯಿಗೆ ಬಿಸಿಬಿಸಿಯಾಗಿ ಬೇರೇನು ಸಿಗುತ್ತದೆ ಎಂದು ಅವರು ಕೇಳಿದರೆ ಉತ್ತರ ಕೊಡುವುದು ಕಷ್ಟ.

ಹಾಗಾಗಿ ಈ ಉಪನ್ಯಾಸ ಕರಿದ ತಿಂಡಿಯ ಮೇಲೆ ದೂರು ಕೊಡಲು ನಿಂತಿಲ್ಲ. ಕರಾವಳಿಯವರು ಮೀನಿನ ತಾಜಾತನವನ್ನು ಕಿವಿರು ಎತ್ತಿ ನೋಡಿಯೇ ಕೊಳ್ಳುತ್ತಾರೆ, ಆ ಮೀನು ಬೀಳುವ ಎಣ್ಣೆ ಎಷ್ಟು ಹಳೆಯದೆಂದು ಮಾತ್ರ ಕೇಳುವುದಿಲ್ಲ. ಆರೋಗ್ಯದ ಲೆಕ್ಕದಲ್ಲಿ ನಿಜವಾಗಿ ಎಣಿಸಬೇಕಾದ ಎರಡು ಸಂಗತಿಗಳೆಂದರೆ ಎಣ್ಣೆ ಎಷ್ಟನೆಯ ಸಲ ಕಾಯುತ್ತಿದೆ ಎಂಬುದು ಮತ್ತು ತಿನ್ನುವವನಿಗೆ ಇದು ವಾರದಲ್ಲಿ ಎಷ್ಟನೆಯದು ಎಂಬುದು. ಮುಂದಿನ ಮಾತೆಲ್ಲ ಈ ಎರಡರ ಸುತ್ತ.

ಕರಿದದ್ದನ್ನು ತಿನ್ನುವುದು ಉತ್ತರ ಕನ್ನಡಕ್ಕೆ ಹೊಸದೇನಲ್ಲ. ಆದರೆ ಅದಕ್ಕೊಂದು ಪಂಚಾಂಗವಿತ್ತು. ಚೌತಿಗೆ ಮುಂಚೆ ಚಕ್ಕುಲಿ ಕಂಬಳ: ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಕೈಯಲ್ಲೇ ಸುತ್ತು ಸುತ್ತಿ, ಒಂದೇ ಕೂರಿಕೆಗೆ ಡಬ್ಬಗಟ್ಟಲೆ ಕರಿದು ಇಡುತ್ತಿದ್ದರು. ಹಲಸು ಹಣ್ಣಾದಾಗ ಮುಳಕ. ಮಳೆಗಾಲದಲ್ಲಿ ಹಪ್ಪಳ, ಸಂಡಿಗೆ. ಅಂಕೋಲೆ ಸೀಮೆಯಲ್ಲಿ ನೆಂಟರು ಬಂದರೆ, ಹಬ್ಬ ಕಳೆದ ಮಾರನೆಯ ದಿನ ಕೋಳಿ ಸಾರು ಮಾಡಿದರೆ, ಜೊತೆಗೆ ವಡೆ. ಜಾತ್ರೆಗೆ ಹೋದರೆ ಖಾಜೆ. ಇವೆಲ್ಲ ಎಣ್ಣೆಯ ಪದಾರ್ಥಗಳೇ. ಆದರೆ ಗಾಣದಿಂದ ತಂದ ಕೊಬ್ಬರಿ ಎಣ್ಣೆ ದುಬಾರಿ ವಸ್ತುವಾಗಿತ್ತು. ಮನೆಯ ಯಜಮಾನಿ ಅದನ್ನು ಅಳೆದು ಬಾಣಲೆಗೆ ಹಾಕುತ್ತಿದ್ದಳು, ಕರಿದು ಉಳಿದದ್ದನ್ನು ಒಂದೆರಡು ದಿನ ಒಗ್ಗರಣೆಗೆ ಬಳಸಿ ಮುಗಿಸುತ್ತಿದ್ದಳು. ಅದೇ ಎಣ್ಣೆಯನ್ನು ನಾಳೆ, ನಾಡಿದ್ದು, ಆಚೆ ನಾಡಿದ್ದು ಮತ್ತೆ ಮತ್ತೆ ಕಾಯಿಸುವ ಪ್ರಸಂಗವೇ ಬರುತ್ತಿರಲಿಲ್ಲ.

ಈ ಪಂಚಾಂಗ ಹರಿದದ್ದು ಎಣ್ಣೆ ಅಗ್ಗವಾದಾಗ. 1994ರಲ್ಲಿ ಕೇಂದ್ರ ಸರ್ಕಾರ ಪಾಮೋಲಿನ್ ಆಮದಿಗೆ ಬಾಗಿಲು ತೆರೆಯಿತು. ಇಂದು ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು, ಅದರಲ್ಲೂ ತಾಳೆ ಎಣ್ಣೆಯದೇ ದೊಡ್ಡ ಪಾಲು. ನೀತಿ ಆಯೋಗದ 2024ರ ವರದಿಯ ಪ್ರಕಾರ ಭಾರತೀಯನೊಬ್ಬ ವರ್ಷಕ್ಕೆ ಸರಾಸರಿ 19.7 ಕೆಜಿ ಅಡುಗೆ ಎಣ್ಣೆ ಬಳಸುತ್ತಾನೆ. ಭಾಗಿಸಿದರೆ ದಿನಕ್ಕೆ ಸುಮಾರು 54 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ದಿನಕ್ಕೆ 2000 ಕ್ಯಾಲೊರಿ ಊಟ ಮಾಡುವವರಿಗೆ ಸೂಚಿಸುವ ತಟ್ಟೆಯಲ್ಲಿ ಎಣ್ಣೆ–ಕೊಬ್ಬಿಗೆ ಇರುವ ಜಾಗ 27 ಗ್ರಾಂ. ಅಂದರೆ ನೇರ ಎರಡರಷ್ಟು. ಸರಾಸರಿಯಲ್ಲಿ ಎಣ್ಣೆಯನ್ನೇ ಮುಟ್ಟದವರೂ ಸೇರಿರುತ್ತಾರೆ. ಸಂಜೆ ಗಾಡಿಯ ಮುಂದೆ ನಿಲ್ಲುವವನ ಲೆಕ್ಕ ಇದಕ್ಕಿಂತ ಮೇಲೆಯೇ ಇರಬೇಕು.

ಇನ್ನು ಬಾಣಲೆಯೊಳಗೆ ಇಣುಕಬೇಕು. ಅಲ್ಲಿ ನಡೆಯುವುದು ಕುತೂಹಲದ ಸಂಗತಿ.

ಎಣ್ಣೆ 170ರಿಂದ 190 ಡಿಗ್ರಿ ಸೆಲ್ಸಿಯಸ್ ಕಾದಿರುವಾಗ ಅದರಲ್ಲಿ ಬಿಟ್ಟ ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ. ಭಜಿಯ ಸುತ್ತ ಗುಳ್ಳೆ ಏಳುವುದು ಆ ಆವಿಯೇ. ಅದು ಹೊರಬರುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಹೋಗಲು ಹೆಚ್ಚು ದಾರಿಯಿಲ್ಲ. ಭಜಿಯನ್ನು ಎತ್ತಿದ ಮೇಲೆ ಆಟ ತಿರುಗುತ್ತದೆ. ಒಳಗಿನ ಆವಿ ತಣಿದು ಕುಗ್ಗುತ್ತದೆ, ಒತ್ತಡ ಇಳಿಯುತ್ತದೆ, ಮೈಗಂಟಿಕೊಂಡ ಎಣ್ಣೆಯನ್ನು ರಂಧ್ರಗಳು ಒಳಕ್ಕೆ ಎಳೆದುಕೊಳ್ಳುತ್ತವೆ. ತಿಂಡಿಯೊಳಗೆ ಸೇರುವ ಎಣ್ಣೆಯ ಬಹುಪಾಲು ಹೀಗೆ ಬಾಣಲೆಯಿಂದ ಹೊರಬಂದ ಮೇಲೆ ಒಳಸೇರಿದ್ದು ಎಂದು ಆಲೂಗೆಡ್ಡೆ ಚಿಪ್ಸಿನ ಮೇಲೆ ನಡೆದ ಪ್ರಯೋಗಗಳು ತೋರಿಸಿವೆ. ತೂತಿನ ಸೌಟಿನಲ್ಲಿ ಎತ್ತಿ ಬಾಣಲೆಯ ಮೇಲೆಯೇ ಎರಡು ಸಲ ಕೊಡವುತ್ತಿದ್ದ ಅಜ್ಜಿಯರಿಗೆ ಈ ಭೌತಶಾಸ್ತ್ರ ಗೊತ್ತಿರಲಿಲ್ಲ, ಆದರೆ ಕೊಡವುವ ಹೊತ್ತು ಯಾವುದೆಂದು ಸರಿಯಾಗಿಯೇ ಗೊತ್ತಿತ್ತು. ಎತ್ತಿ ರಾಶಿ ಹಾಕಿ ಐದು ನಿಮಿಷ ಬಿಟ್ಟು ಆಮೇಲೆ ಕಾಗದದಲ್ಲಿ ಒತ್ತಿದರೆ ಹೊರಗಿನ ಜಿಡ್ಡು ಮಾತ್ರ ಹೋಗುತ್ತದೆ.

ಆ ಕಾಗದದ್ದೂ ಒಂದು ಮಾತು. ಹಳೆಯ ದಿನಪತ್ರಿಕೆಯಲ್ಲಿ ಬಿಸಿ ಭಜಿ ಕಟ್ಟಿಕೊಡುವುದು ಬೇಡ, ಮುದ್ರಣದ ಶಾಯಿಯ ರಾಸಾಯನಿಕಗಳು ಜಿಡ್ಡಿನ ಜೊತೆ ಆಹಾರಕ್ಕೆ ಇಳಿಯುತ್ತವೆ ಎಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ಪತ್ರಿಕೆ ಓದುವವರ ಸಂಖ್ಯೆ ಇಳಿದರೂ ಈ ಬಳಕೆ ಇಳಿದಿಲ್ಲ.

ಎಣ್ಣೆ ಹಳೆಯದಾಗುವುದೆಂದರೆ ಏನು? ತಿಂಡಿಯಿಂದ ಬಂದ ನೀರು ಎಣ್ಣೆಯ ಅಣುಗಳನ್ನು ಒಡೆದು ಕೊಬ್ಬಿನಾಮ್ಲಗಳನ್ನು ಬಿಡಿಸುತ್ತದೆ. ಗಾಳಿಯ ಆಮ್ಲಜನಕ ಅವುಗಳ ಮೇಲೆ ಕೆಲಸ ಮಾಡಿ ಆಲ್ಡಿಹೈಡ್‌ಗಳನ್ನು ಹುಟ್ಟಿಸುತ್ತದೆ. ಉಳಿದ ತುಣುಕುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಅಂಟು ಅಂಟಾಗುತ್ತವೆ. ಬಾಣಲೆಯ ಅಂಚಿಗೆ ಮೆತ್ತಿಕೊಂಡು ಉಜ್ಜಿದರೂ ಹೋಗದ ಕಂದು ಪದರ ಇದೇ. ತಳದಲ್ಲಿ ಉಳಿದ ಹಿಟ್ಟಿನ ಚೂರುಗಳು ಕರಕಲಾಗಿ ಈ ಕೆಲಸವನ್ನು ಬೇಗ ಮಾಡಿಸುತ್ತವೆ. ಬಾಣಲೆ ಕಬ್ಬಿಣದ್ದಾದರೆ ಲೋಹವೂ ಕೈಜೋಡಿಸುತ್ತದೆ. ಹೀಗೆ ಕೆಟ್ಟ ಅಂಶಗಳನ್ನೆಲ್ಲ ಒಟ್ಟಿಗೆ ಅಳೆಯುವ ಮಾಪನಕ್ಕೆ ‘ಒಟ್ಟು ಧ್ರುವೀಯ ಸಂಯುಕ್ತ’ ಎಂದು ಹೆಸರು. ಅದು ಶೇ 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಕೂಡದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವ ಉದ್ದಿಮೆಗಳು ಅದರ ದಾಖಲೆಯನ್ನೂ ಇಡಬೇಕು.

ನಿಯಮ ಸರಿ. ಆದರೆ ಕಡಲ ದಂಡೆಯ ಗಾಡಿಗೆ ದಿನಕ್ಕೆ 50 ಲೀಟರ್ ಎಲ್ಲಿಯದು? ಅದರ ಬಾಣಲೆಯಲ್ಲಿ ಇರುವುದೇ ಮೂರೋ ನಾಲ್ಕೋ ಲೀಟರು. ಸಂಜೆ ಮುಗಿದಾಗ ಉಳಿದದ್ದನ್ನು ಚೆಲ್ಲಿದರೆ ಆ ದಿನದ ಲಾಭವೇ ಚೆಲ್ಲಿದ ಹಾಗೆ. ನಾಳೆ ಅದರ ಮೇಲೆ ಒಂದು ಲೀಟರು ಹೊಸದು ಸುರಿದು ಮತ್ತೆ ಒಲೆ ಹೊತ್ತಿಸುತ್ತಾರೆ. ಹೊಸ ಎಣ್ಣೆ ಹಳೆಯದನ್ನು ತಿಳಿಯಾಗಿಸುವಂತೆ ಕಂಡರೂ, ಹಳೆಯದರಲ್ಲಿದ್ದ ಕೆಟ್ಟ ಅಂಶಗಳು ಹೊಸದನ್ನೂ ಬೇಗ ಕೆಡಿಸುತ್ತವೆ. ದೊಡ್ಡ ಅಡುಗೆಮನೆಗಳು ಬಳಸಿ ಬಿಟ್ಟ ಎಣ್ಣೆ ಚಿಕ್ಕ ಗಾಡಿಗಳಿಗೆ ಅಗ್ಗಕ್ಕೆ ಹೋಗುತ್ತದೆ ಎಂಬುದನ್ನು ಪ್ರಾಧಿಕಾರವೇ ಹೇಳಿದೆ. ಅಂಥ ಎಣ್ಣೆ ಗಾಡಿಗೆ ಬರುವಾಗಲೇ ಮುದಿಯಾಗಿರುತ್ತದೆ.

ಎಣ್ಣೆ ಕೆಟ್ಟಿದೆಯೇ ಎಂದು ತಿಳಿಯಲು ಮನೆಯವರಿಗೆ ಅಳೆಯುವ ಮೀಟರು ಬೇಕಿಲ್ಲ. ಬಣ್ಣ ಗಾಢವಾಗಿದೆ, ಬುರುಗು ಏಳುತ್ತದೆ, ಮುಂಚಿನಷ್ಟು ಕಾಯುವ ಮೊದಲೇ ಹೊಗೆಯಾಡುತ್ತದೆ, ಬೆರಳಿಗೆ ಅಂಟುತ್ತದೆ ಎಂದರೆ ಆ ಎಣ್ಣೆಯ ಕೆಲಸ ಮುಗಿಯಿತು. ಪೋಷಣ ಸಂಸ್ಥೆಯ 2024ರ ಮಾರ್ಗಸೂಚಿ ಇನ್ನೂ ಬಿಗಿಯಾಗಿದೆ: ಒಮ್ಮೆ ಕರಿದ ಎಣ್ಣೆಯನ್ನು ಸೋಸಿ ಸಾರು–ಪಲ್ಯಕ್ಕೆ ಬಳಸಬಹುದು, ಅದೂ ಒಂದೆರಡು ದಿನದೊಳಗೆ, ಮತ್ತೆ ಕರಿಯಲು ಬೇಡ. ಗಾಣದ ಎಣ್ಣೆಯ ಕಾಲದ ಮನೆಗಳು ಮಾಡುತ್ತಿದ್ದುದೂ ಇದನ್ನೇ.

ಇದೆಲ್ಲ ಹೇಳುವಾಗ ತಿನ್ನದೇ ತೊಂದರೆಗೊಳಗಾಗುವವರನ್ನು ಮರೆಯುವುದುಂಟು. ಬಾಣಲೆಯ ಮುಂದೆ ಆರೆಂಟು ಗಂಟೆ ನಿಲ್ಲುವವರು ಅವರು. ಎಣ್ಣೆ ಅತಿಯಾಗಿ ಕಾದಾಗ ಕಣ್ಣು ಉರಿಸುವ, ಗಂಟಲು ಕೆರೆಸುವ ಹೊಗೆಯಲ್ಲಿ ಅಕ್ರೋಲಿನ್ ಎಂಬ ಆಲ್ಡಿಹೈಡ್ ಇರುತ್ತದೆ. ಚೀನಾ, ತೈವಾನ್‌ಗಳಲ್ಲಿ ಬೀಡಿ ಸಿಗರೇಟು ಸೇದದ ಹೆಂಗಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಏಕೆ ಎಂದು ಹುಡುಕಿದ ಸಂಶೋಧಕರು ಅಡುಗೆಮನೆಯ ಎಣ್ಣೆ ಹೊಗೆಯ ಕಡೆ ಬೊಟ್ಟು ಮಾಡಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೆಚ್ಚು ಶಾಖದಲ್ಲಿ ಕರಿಯುವಾಗ ಏಳುವ ಹೊಗೆಯನ್ನು ‘ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿರುವ’ ವಸ್ತುಗಳ ಸಾಲಿಗೆ ಸೇರಿಸಿದೆ. ಕಡಲ ಗಾಳಿಗೆ ತೆರೆದ ಗಾಡಿಯವನ ಪಾಡು ಪರವಾಗಿಲ್ಲ. ಹಿಂಬದಿಯ ಕಿಟಕಿಯಿಲ್ಲದ ಅಡುಗೆ ಕೋಣೆಯಲ್ಲಿ ತವಾದ ಮುಂದೆ ನಿಂತವರದ್ದು ಬೇರೆಯೇ ಪಾಡು. ಅಲ್ಲಿ ಹೊಗೆ ಎಳೆಯುವ ಒಂದು ಫ್ಯಾನು ಹಾಕಿಸುವುದು ದೊಡ್ಡ ಖರ್ಚೇನಲ್ಲ.

ಇಷ್ಟು ರಸಾಯನಶಾಸ್ತ್ರ ಕೇಳಿದ ಮೇಲೆ ಯಾರಾದರೂ ಎದ್ದು, ‘ನಿಜವಾಗಿ ಜನರಿಗೆ ಏನಾಗಿದೆ, ಅದನ್ನು ಹೇಳಿ’ ಎಂದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರ ನೇರವಾಗಿಲ್ಲ, ಅದಕ್ಕೇ ಸ್ವಾರಸ್ಯವಾಗಿದೆ.

2012ರ ಜನವರಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂದು ಸ್ಪ್ಯಾನಿಷ್ ಅಧ್ಯಯನ ಪ್ರಕಟಿಸಿತು. 29ರಿಂದ 69 ವರ್ಷದ 40,757 ಜನರನ್ನು ಸುಮಾರು 11 ವರ್ಷ ಹಿಂಬಾಲಿಸಿ ನೋಡಿದರೆ, ಕರಿದದ್ದನ್ನು ಹೆಚ್ಚು ತಿಂದವರಿಗೂ ಕಡಿಮೆ ತಿಂದವರಿಗೂ ಹೃದ್ರೋಗದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಜಗತ್ತಿನ ಕರಿದ ತಿಂಡಿಪ್ರಿಯರೆಲ್ಲ ಅಂದು ಹಬ್ಬ ಮಾಡಿರಬೇಕು. ಏಳು ವರ್ಷದ ನಂತರ, 2019ರಲ್ಲಿ, ಅದೇ ಪತ್ರಿಕೆಯಲ್ಲಿ ಅಮೆರಿಕದ ಅಧ್ಯಯನ ಬಂತು. 50ರಿಂದ 79 ವರ್ಷದ 1,06,966 ಮಹಿಳೆಯರು. ಕರಿದದ್ದನ್ನು ದಿನವೂ ತಿನ್ನುವವರ ಸಾವಿನ ಪ್ರಮಾಣ ತಿನ್ನದವರಿಗಿಂತ ಶೇ 8ರಷ್ಟು ಹೆಚ್ಚು. ವಾರಕ್ಕೆ ಒಂದಾದರೂ ಸಲ ಕರಿದ ಕೋಳಿ ತಿನ್ನುವವರಲ್ಲಿ ಶೇ 13ರಷ್ಟು ಹೆಚ್ಚು. ಕರಿದ ಮೀನು, ಸಿಗಡಿಯಂಥವನ್ನು ವಾರಕ್ಕೊಮ್ಮೆಯಾದರೂ ತಿನ್ನುವವರಲ್ಲಿ ಒಟ್ಟು ಸಾವು ಶೇ 7ರಷ್ಟು, ಹೃದಯ–ರಕ್ತನಾಳದ ಕಾಯಿಲೆಯ ಸಾವು ಶೇ 13ರಷ್ಟು ಹೆಚ್ಚು.

ಸ್ಪೇನ್ ಒಂದು ಹೇಳಿದರೆ ಅಮೆರಿಕ ಇನ್ನೊಂದು ಹೇಳಿತೆಂದು ಎರಡನ್ನೂ ತಳ್ಳಿಹಾಕುವವರುಂಟು. ಹಾಗೆ ಮಾಡದೆ ಎರಡು ಅಡುಗೆಮನೆಗಳನ್ನು ನೋಡಬೇಕು. ಸ್ಪೇನಿನವರು ಬಹುಮಟ್ಟಿಗೆ ಮನೆಯಲ್ಲೇ, ಆಲಿವ್ ಇಲ್ಲವೇ ಸೂರ್ಯಕಾಂತಿ ಎಣ್ಣೆಯಲ್ಲಿ ಕರಿಯುತ್ತಾರೆ; ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಕಡಿಮೆ. ಅಮೆರಿಕದ ಮಹಿಳೆಯರ ಕರಿದ ತಿಂಡಿ ಹೆಚ್ಚಾಗಿ ಅಂಗಡಿಯದ್ದು, ದಿನವಿಡೀ ಕಾಯುವ ಕೊಪ್ಪರಿಗೆಯದ್ದು, ಆ ಕಾಲಕ್ಕೆ ಟ್ರಾನ್ಸ್ ಕೊಬ್ಬು ಇದ್ದ ಎಣ್ಣೆಯದ್ದು, ಜೊತೆಗೆ ಉಪ್ಪು ಮತ್ತು ಸಕ್ಕರೆ ಪಾನೀಯ. 2021ರಲ್ಲಿ ‘ಹಾರ್ಟ್’ ಪತ್ರಿಕೆಯಲ್ಲಿ ಬಂದ 17 ಅಧ್ಯಯನಗಳ ಒಟ್ಟು ಲೆಕ್ಕ ಅಮೆರಿಕದ ಕಡೆಗೇ ವಾಲುತ್ತದೆ: ಅತಿ ಹೆಚ್ಚು ತಿನ್ನುವವರಿಗೆ ಅತಿ ಕಡಿಮೆ ತಿನ್ನುವವರಿಗಿಂತ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಘಟನೆಗಳ ಅಪಾಯ ಶೇ 28ರಷ್ಟು ಹೆಚ್ಚು. ಇವೆಲ್ಲ ಜನರ ತಿನ್ನುವ ರೂಢಿಯನ್ನು ಕೇಳಿ ಬರೆದುಕೊಂಡು ಮಾಡಿದ ಅಧ್ಯಯನಗಳು. ಕರಿದದ್ದನ್ನು ಹೆಚ್ಚು ತಿನ್ನುವವರು ಸಿಗರೇಟನ್ನೂ ಹೆಚ್ಚು ಸೇದುತ್ತಾರೆ, ನಡೆಯುವುದು ಕಡಿಮೆ; ಆ ಪಾಲನ್ನು ಗಣಿತದಿಂದ ಕಳೆದರೂ ಪೂರ್ತಿ ಕಳೆಯಿತೆಂದು ಹೇಳಲಾಗದು. ಶೇ 7, ಶೇ 13 ಎಂಬ ಅಂಕೆಗಳನ್ನು ತಾಳೆಗರಿಯ ಭವಿಷ್ಯದಂತೆ ಓದಬಾರದು. ಆದರೂ ಕಾರವಾರ–ಅಂಕೋಲೆಯ ಸಂಜೆಯ ಬಾಣಲೆ ಇವೆರಡರಲ್ಲಿ ಯಾವ ದೇಶದ್ದನ್ನು ಹೋಲುತ್ತದೆ ಎಂದು ಕೇಳಿಕೊಂಡರೆ, ಉತ್ತರ ಸ್ಪೇನ್ ಅಲ್ಲ.

ಕಾರವಾರದವರು ಹೆಚ್ಚು ಗಮನ ಕೊಡಬೇಕಾದ ಇನ್ನೊಂದು ಅಧ್ಯಯನವಿದೆ. 2003ರಲ್ಲಿ ಅಮೆರಿಕದ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ ದಾರಿಯುಷ್ ಮೊಜಫರಿಯನ್ ಮತ್ತು ಸಂಗಡಿಗರು ಪ್ರಕಟಿಸಿದ್ದು. 65 ದಾಟಿದ 3,910 ಜನರಲ್ಲಿ, ಸುಟ್ಟ ಅಥವಾ ಒಲೆಯಲ್ಲಿ ಬೇಯಿಸಿದ ಮೀನು ತಿನ್ನುವವರು ಹೃದ್ರೋಗದಿಂದ ಸಾಯುವುದು ಕಡಿಮೆ ಎಂದು ಕಂಡಿತು. ಕರಿದ ಮೀನು ತಿನ್ನುವವರಿಗೆ ಆ ರಕ್ಷಣೆ ಸಿಕ್ಕಿರಲಿಲ್ಲ. ಮೀನು ಹೃದಯಕ್ಕೆ ಒಳ್ಳೆಯದೆಂದು ಹೇಳುವಾಗ ಅಮೆರಿಕದ ಹೃದ್ರೋಗ ಸಂಘ ‘ಕರಿಯದ ಮೀನು’ ಎಂದೇ ಒತ್ತಿ ಹೇಳುವುದು ಇದಕ್ಕೇ.

ಕಾರಣ ಸರಳ. ಬಂಗುಡೆ, ತಾರ್ಲೆಗಳು ಒಮೆಗಾ–3 ಕೊಬ್ಬಿನಾಮ್ಲ ತುಂಬಿದ ಮೀನುಗಳು. ದುಬಾರಿ ಇಸ್ವಾಣದ ಮುಂದೆ ಇವು ಬಡವರ ಮೀನೆನಿಸಿದರೂ ಹೃದಯದ ದೃಷ್ಟಿಯಿಂದ ಇವೇ ಶ್ರೀಮಂತ. ಎಣ್ಣೆಯಲ್ಲಿ ಕರಿದಾಗ ಮೀನಿನ ಕೊಬ್ಬು ಸ್ವಲ್ಪ ಹೊರಗೆ ಹೋಗುತ್ತದೆ, ಬಾಣಲೆಯ ಎಣ್ಣೆ ಒಳಗೆ ಬರುತ್ತದೆ. ಬಂಗುಡೆಯನ್ನು ಕೊಳ್ಳುವಾಗ ಕೊಟ್ಟ ದುಡ್ಡು ಯಾವ ಕೊಬ್ಬಿಗೋ, ತಟ್ಟೆಗೆ ಬರುವಾಗ ಅದರೊಂದಿಗೆ ಪಾಮೋಲಿನ್ ಬೆರೆತಿರುತ್ತದೆ. ಮೇಲೆ ಮೆತ್ತಿದ ರವೆ ಒಳಗಿನ ರಸವನ್ನು ಕಾಪಾಡುತ್ತದೆ, ಎಣ್ಣೆಯನ್ನು ಮಾತ್ರ ತಾನೇ ಹೀರಿಕೊಂಡು ಕೂರುತ್ತದೆ. ಇಷ್ಟಾದರೂ ಮನೆಯ ತವಾದ ಮೇಲೆ ಎರಡು ಚಮಚ ಹೊಸ ಎಣ್ಣೆಯಲ್ಲಿ ಹುರಿದ ಬಂಗುಡೆಗೂ, ಹೋಟೆಲಿನ ಬಾಣಲೆಯಲ್ಲಿ ಮುಳುಗಿಸಿ ಕರಿದ ಬಂಗುಡೆಗೂ ಅಜಗಜಾಂತರವಿದೆ. ಮೊದಲನೆಯದನ್ನು ಅಪರಾಧಿ ಮಾಡಬೇಕಿಲ್ಲ.

ಈ ಕರಾವಳಿಯಲ್ಲಿ ಮೀನಿನ ಅಡುಗೆಗೆ ದಾರಿಗಳ ಕೊರತೆಯೇ ಇರಲಿಲ್ಲ. ರಾಂಪಣಿ ಬಲೆಯ ಕಾಲದಲ್ಲಿ, ಎಪ್ಪತ್ತರ ದಶಕದ ಕೊನೆಗೆ ಪರ್ಸಿನ್ ದೋಣಿಗಳು ಬರುವವರೆಗೆ, ದಂಡೆಗೆ ಎಳೆದ ಬಲೆಯಲ್ಲಿ ಬಂಗುಡೆ, ತಾರ್ಲೆ ರಾಶಿ ಬೀಳುತ್ತಿದ್ದವು. ಉಪ್ಪು ಹಾಕಿ ಒಣಗಿಸಿ ಮಿಕ್ಕಿದ ತಾರ್ಲೆ ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಅಷ್ಟನ್ನೂ ಕರಿಯಲು ಎಣ್ಣೆ ಯಾರ ಮನೆಯಲ್ಲಿತ್ತು? ತೆಪ್ಪಲ ಜಜ್ಜಿ ಹಾಕಿದ ಬಂಗುಡೆ ಸಾರು, ಮುರುಗಲು ಸಿಪ್ಪೆಯ ಹುಳಿ, ತೆಂಗಿನ ತುರಿಯ ಸುಕ್ಕೆ, ಕೆಂಡದ ಮೇಲೆ ಸುಟ್ಟ ಒಣಮೀನು ಮತ್ತು ಗಂಜಿ, ಇವು ದಿನದ ಅಡುಗೆಗಳಾಗಿದ್ದವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ 61 ದಿನಗಳಲ್ಲಿ ಇಂದಿಗೂ ಹಲವು ಮನೆಗಳು ಒಣಮೀನಿಗೆ ಮರಳುತ್ತವೆ. ಒಣಮೀನಿನ ಉಪ್ಪು ರಕ್ತದೊತ್ತಡದವರಿಗೆ ಒಳ್ಳೆಯದಲ್ಲ, ಅದನ್ನೂ ಹೇಳಿಬಿಡಬೇಕು. ಹಳೆಯದೆಲ್ಲ ಅಮೃತವೆನ್ನುವ ವಾದ ಇಲ್ಲಿ ನಡೆಯುವುದಿಲ್ಲ.

ಕೊಬ್ಬರಿ ಎಣ್ಣೆಯದೂ ಅದೇ ಕತೆ. ‘ನಮ್ಮ ಅಜ್ಜ ಅದನ್ನೇ ತಿಂದು ತೊಂಬತ್ತು ಬದುಕಿದ’ ಎಂಬ ಮಾತು ಕರಾವಳಿಯ ಪ್ರತಿ ಸಭೆಯಲ್ಲೂ ಏಳುತ್ತದೆ. ಅದರ ಕೊಬ್ಬಿನ ಶೇ 90ರಷ್ಟು ಪರ್ಯಾಪ್ತ ಕೊಬ್ಬು. ಹಾಗಾಗಿ ಕಾಯಿಸಿದಾಗ ಅದು ಸೋಯಾ, ಸೂರ್ಯಕಾಂತಿ ಎಣ್ಣೆಗಳಷ್ಟು ಬೇಗ ಆಕ್ಸೀಕರಣಗೊಳ್ಳುವುದಿಲ್ಲ ಎಂಬುದು ನಿಜ. ಅದೇ ಕಾರಣಕ್ಕೆ ರಕ್ತದ ಎಲ್‌ಡಿಎಲ್ ಕೊಲೆಸ್ಟರಾಲನ್ನು ಏರಿಸುತ್ತದೆ ಎಂಬುದೂ ನಿಜ. 2020ರಲ್ಲಿ 16 ಪ್ರಯೋಗಗಳನ್ನು ಒಟ್ಟುಮಾಡಿ ನೋಡಿದಾಗ, ಉಷ್ಣವಲಯದ್ದಲ್ಲದ ಬೇರೆ ಸಸ್ಯ ಎಣ್ಣೆಗಳಿಗಿಂತ ಇದು ಎಲ್‌ಡಿಎಲ್ಲನ್ನು ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಹೆಚ್ಚಿಸಿತ್ತು. ಗಂಜಿ ಉಂಡು ಗದ್ದೆ ಉತ್ತ ಅಜ್ಜನಿಗೆ ಅದು ಲೆಕ್ಕಕ್ಕೆ ಬರಲಿಲ್ಲ. ಅದೇ ಎಣ್ಣೆ ಕಚೇರಿಯ ಕುರ್ಚಿಯಲ್ಲಿ ಕೂತ ಮೊಮ್ಮಗನ ಕೈಹಿಡಿಯುತ್ತದೆಂಬ ಖಾತ್ರಿಯಿಲ್ಲ.

ಕರಿದ ತಿಂಡಿಯ ಬಗ್ಗೆ ಹೆದರಿಸುವವರು ಈಚೆಗೆ ಎತ್ತುವ ಹೆಸರು ಅಕ್ರಿಲಮೈಡ್. ಇದು ಆಹಾರದಲ್ಲಿದೆ ಎಂದು ಗೊತ್ತಾದ ಕತೆ ಶುರುವಾಗುವುದು ಸುರಂಗವೊಂದರಲ್ಲಿ. ಸಹ್ಯಾದ್ರಿ ಕೊರೆದು ಕೊಂಕಣ ರೈಲು ಬಿಟ್ಟ ಕಾಲದಲ್ಲೇ, 1997ರಲ್ಲಿ, ಸ್ವೀಡನ್ನಿನ ಹಾಲಂಡ್‌ಸೋಸ್ ಗುಡ್ಡದಲ್ಲಿ ರೈಲು ಸುರಂಗ ಕೊರೆಯುತ್ತಿದ್ದರು. ನೀರು ಸೋರುವುದನ್ನು ತಡೆಯಲು ಬಳಸಿದ ರಾಸಾಯನಿಕದಿಂದ ಅಕ್ರಿಲಮೈಡ್ ಹಳ್ಳಕ್ಕೆ ಇಳಿದು ಮೀನು ಸತ್ತವು, ಹಸುಗಳು ಕಾಲು ಸೋತು ಬಿದ್ದವು. ಕೆಲಸಗಾರರ ರಕ್ತ ಪರೀಕ್ಷಿಸುವಾಗ ಹೋಲಿಕೆಗೆಂದು ಸುರಂಗದ ಹತ್ತಿರವೂ ಸುಳಿಯದ ಜನರ ರಕ್ತವನ್ನು ತೆಗೆದರು. ಅದರಲ್ಲೂ ಅಕ್ರಿಲಮೈಡಿನ ಗುರುತಿತ್ತು! ಇದು ಎಲ್ಲಿಂದ ಬಂತೆಂದು ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಮಾರ್ಗರೆಟಾ ಟಾರ್ನ್‌ಕ್ವಿಸ್ಟ್ ಮತ್ತು ಸಂಗಡಿಗರು ಬೆನ್ನು ಹತ್ತಿ, 2002ರ ಏಪ್ರಿಲ್‌ನಲ್ಲಿ ಉತ್ತರ ಕೊಟ್ಟರು: ಅಡುಗೆಯಿಂದ. ಆಲೂಗೆಡ್ಡೆ, ಧಾನ್ಯಗಳಲ್ಲಿರುವ ಆಸ್ಪರಜಿನ್ ಎಂಬ ಅಮಿನೋ ಆಮ್ಲ ಮತ್ತು ಸಕ್ಕರೆ 120 ಡಿಗ್ರಿ ದಾಟಿದ ಶಾಖದಲ್ಲಿ ಸೇರಿ ಇದನ್ನು ಹುಟ್ಟಿಸುತ್ತವೆ. ಕಂದು ಬಣ್ಣ, ಘಮ, ಅಕ್ರಿಲಮೈಡ್ ಮೂರೂ ಒಂದೇ ಹೊತ್ತಿಗೆ ಬರುವ ನೆಂಟರು.

ಪ್ರಾಣಿಗಳಲ್ಲಿ ಇದು ಕ್ಯಾನ್ಸರ್ ತರುತ್ತದೆ. ಮನುಷ್ಯರು ಆಹಾರದಿಂದ ತಿನ್ನುವ ಪ್ರಮಾಣದಲ್ಲಿ ಹಾಗಾಗುತ್ತದೆ ಎಂಬುದಕ್ಕೆ ಸಾಕ್ಷ್ಯ ಇನ್ನೂ ಗಟ್ಟಿಯಾಗಿಲ್ಲ. ಪಿಷ್ಟವಿಲ್ಲದ ಮೀನಿನಲ್ಲಿ ಇದು ತೀರ ಕಡಿಮೆ. ಇಲ್ಲಿ ಬಂಗುಡೆ ಬಚಾವು. ಬಟಾಟೆ ಚಿಪ್ಸು, ಬಾಳೆಹಣ್ಣಿನ ಸಕ್ಕರೆಯಿಂದ ಬೇಗ ಕೆಂಪಾಗುವ ಬನ್ಸುಗಳ ವಿಷಯದಲ್ಲಿ ಮಾಡಬಹುದಾದ್ದು ಇಷ್ಟೆ: ಹೊಂಬಣ್ಣಕ್ಕೆ ಎತ್ತಬೇಕು, ಕಡು ಕಂದಾಗಲು ಬಿಡಬಾರದು.

ಇನ್ನು ಸರ್ಕಾರದ ನಿಯಮಗಳು. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಸುರಕ್ಷಿತವಲ್ಲದ ಬಣ್ಣವಿತ್ತು. ಜೂನ್‌ನಲ್ಲಿ ಕಬಾಬಿಗೂ ಅದೇ ಆದೇಶ ಬಂತು. ಒಳ್ಳೆಯದೇ ಆಯಿತು. ಆದರೆ ಬಣ್ಣ ಕಣ್ಣಿಗೆ ಕಾಣುತ್ತದೆ, ಬೇಗ ಸುದ್ದಿಯಾಗುತ್ತದೆ. ಅದೇ ಗೋಬಿ ಮಿಂದೆದ್ದ ಎಣ್ಣೆಯ ಬಗ್ಗೆ ಅಷ್ಟು ಗದ್ದಲವಾಗಲಿಲ್ಲ. ಮರುವರ್ಷ ಜುಲೈಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಕಚೇರಿಗಳಲ್ಲಿ ಎಣ್ಣೆ–ಸಕ್ಕರೆಯ ಪ್ರಮಾಣ ತಿಳಿಸುವ ಫಲಕ ಹಾಕಲು ಸೂಚಿಸಿದ್ದೇ ತಡ, ಸಮೋಸಾ, ಜಿಲೇಬಿಗೆ ಸಿಗರೇಟಿನಂತೆ ಎಚ್ಚರಿಕೆ ಅಂಟಿಸುತ್ತಾರಂತೆ ಎಂದು ದೇಶವೆಲ್ಲ ಗುಲ್ಲೆದ್ದಿತು. ಗಾಡಿಯವರ ತಿಂಡಿಗೆ ಅಂಥ ಯಾವ ಚೀಟಿಯೂ ಇಲ್ಲವೆಂದು ಸರ್ಕಾರವೇ ಸ್ಪಷ್ಟೀಕರಣ ಕೊಡಬೇಕಾಯಿತು. ಒಂದೇ ಒಂದು ನಿಯಮ ಮಾತ್ರ ಸದ್ದಿಲ್ಲದೆ ದೊಡ್ಡ ಕೆಲಸ ಮಾಡಿದೆ: ಎಣ್ಣೆ–ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬಿನ ಮಿತಿಯನ್ನು 2021ರಲ್ಲಿ ಶೇ 3ಕ್ಕೆ, 2022ರಲ್ಲಿ ಶೇ 2ಕ್ಕೆ ಇಳಿಸಿದ್ದು.

ಕಾರವಾರ, ಅಂಕೋಲೆ ತಾಲೂಕುಗಳಿಗೆ ಇದೆಲ್ಲ ಏಕೆ ಹೆಚ್ಚು ಮುಖ್ಯ? ಕಾಳಿ ನದಿ ದಾಟಿ ಮಾಜಾಳಿ ಮುಗಿದರೆ ಗೋವಾ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಧುಮೇಹ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದಲ್ಲೇ ಅತಿ ಹೆಚ್ಚು, ಶೇ 26.4ರಷ್ಟು ವಯಸ್ಕರಿಗೆ ಮಧುಮೇಹವಿದ್ದ ರಾಜ್ಯ ಅದು. ಮಧುಮೇಹಕ್ಕೆ ಕರಿದ ಮೀನೊಂದೇ ಕಾರಣವೆಂದು ಯಾರೂ ಹೇಳಿಲ್ಲ. ಆದರೆ ಗಡಿಯ ಆಚೆ ಈಚೆ ಊಟ, ಬೇಕರಿ, ಬೀಚಿನ ತಿಂಡಿಗಳಲ್ಲಿ ಹೆಚ್ಚು ಅಂತರವಿಲ್ಲ ಎಂಬುದನ್ನು ಕಾರವಾರದವರಿಗೆ ಬೇರೆಯವರು ಹೇಳಬೇಕಿಲ್ಲ.

ಮತ್ತೆ ದೂರದ ಲೆಕ್ಕವಿದೆ. ಕಾರವಾರದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2016ರಲ್ಲಿ ಆರಂಭವಾದರೂ, ಎದೆ ಹಿಡಿದುಕೊಂಡು ಬಿದ್ದವರನ್ನು ಗೋವಾದ ಬಾಂಬೋಳಿಗೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಸಾಗಿಸುವುದು ಈ ಜಿಲ್ಲೆಯ ರೂಢಿಯಾಗಿ ಬಂದಿದೆ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ತಾಲೂಕಿನ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಸತ್ತರು. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಗ ಇಡೀ ರಾಜ್ಯಕ್ಕೆ ಕೇಳಿತು. ಅನಂತರ ಬಂದ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಸ್ವಲ್ಪ ಸಮಾಧಾನ ತಂದಿದೆ. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೂರದ ತಜ್ಞರಿಗೆ ತೋರಿಸಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಅದು. ಎದೆ ನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು ಮಲಗುವ ಬದಲು ಮೊದಲ ಗಂಟೆಯಲ್ಲೇ ಅಲ್ಲಿಗೆ ಹೋದವರಿಗೆ ಆ ಚುಚ್ಚುಮದ್ದಿನ ಪೂರ್ಣ ಪ್ರಯೋಜನ. ಕರಿದದ್ದನ್ನು ತಿಂದ ರಾತ್ರಿ ಎದೆ ನೋವು ಬಂದರೆ ಗ್ಯಾಸಿನ ನೆವ ಇನ್ನೂ ಸುಲಭವಾಗಿ ಸಿಗುವುದರಿಂದ ಇದನ್ನು ಬಿಡಿಸಿ ಹೇಳಬೇಕಾಯಿತು.

ಇನ್ನು ಗಾಡಿಯವರ ಎಣ್ಣೆ. ಅವರನ್ನು ದಂಡಿಸಿ ಇದು ಬಗೆಹರಿಯುವುದಿಲ್ಲ, ಯಾಕೆಂದರೆ ಹಳೆಯ ಎಣ್ಣೆ ಅವರ ಪಾಲಿಗೆ ದುಡ್ಡು. ಆಹಾರ ಪ್ರಾಧಿಕಾರ 2018ರ ಆಗಸ್ಟ್‌ನಲ್ಲಿ ಆರಂಭಿಸಿದ ‘ರುಕೋ’ ಎಂಬ ಯೋಜನೆ ಬಳಸಿದ ಎಣ್ಣೆಯನ್ನು ಕೊಂಡು ಜೈವಿಕ ಡೀಸೆಲ್ ಮಾಡುವವರಿಗೆ ತಲುಪಿಸಲು ಹೊರಟದ್ದು. ದೊಡ್ಡ ನಗರಗಳ ದೊಡ್ಡ ಹೋಟೆಲುಗಳಿಗೆ ಹೊಂದುವ ಈ ಏರ್ಪಾಟು ನಾಲ್ಕು ಲೀಟರಿನ ಬಾಣಲೆಗೆ ತಾನಾಗಿ ಇಳಿದು ಬರುವುದಿಲ್ಲ. ಕಾರವಾರ ನಗರಸಭೆಯೋ ಅಂಕೋಲೆ ಪುರಸಭೆಯೋ ಸಂಜೆ ಗಾಡಿಗಳ ಸಾಲಿನಲ್ಲಿ ಒಂದು ಡ್ರಮ್ಮು ಇಟ್ಟು, ರಾತ್ರಿ ಮುಗಿದಾಗ ಉಳಿದ ಎಣ್ಣೆಯನ್ನು ಲೀಟರಿನ ಲೆಕ್ಕದಲ್ಲಿ ಕೊಂಡು, ತಿಂಗಳಿಗೊಮ್ಮೆ ಒಟ್ಟಾಗಿ ಸಾಗಿಸಬೇಕು. ಆಹಾರ ಸುರಕ್ಷತಾಧಿಕಾರಿಯ ಕೈಯಲ್ಲಿ ಧ್ರುವೀಯ ಸಂಯುಕ್ತ ಅಳೆಯುವ ಕೈಮೀಟರು ಇರಬೇಕು. ಅದನ್ನು ಎಣ್ಣೆಗೆ ಅದ್ದಿದರೆ ಕೆಲವೇ ಕ್ಷಣಗಳಲ್ಲಿ ಅಂಕೆ ತೋರಿಸುತ್ತದೆ. ಆ ಅಂಕೆಯನ್ನು ಗಿರಾಕಿಗೂ ಕಾಣುವಂತೆ ಗಾಡಿಯ ಮೇಲೆ ಬರೆದು ಹಾಕಿದರೆ, ಕಡಿಮೆ ಅಂಕೆಯ ಗಾಡಿಯ ಮುಂದೆ ಜನ ಹೆಚ್ಚು ನಿಲ್ಲುತ್ತಾರೋ ಇಲ್ಲವೋ ಒಂದೇ ಹಂಗಾಮಿನಲ್ಲಿ ಗೊತ್ತಾಗುತ್ತದೆ. ಮೀನುಗಾರಿಕೆ ಮತ್ತೆ ಆರಂಭವಾಗುವ ಆಗಸ್ಟ್ ತಿಂಗಳು, ಹಿಂದೆಯೇ ಬರುವ ಚೌತಿ, ಪ್ರವಾಸಿಗರ ಡಿಸೆಂಬರ್, ಇವಿಷ್ಟರೊಳಗೆ ಪರೀಕ್ಷೆ ಮಾಡಿ ನೋಡಲು ಬೇಕಾದಷ್ಟು ಬಾಣಲೆಗಳು ಈ ಎರಡು ಪೇಟೆಗಳಲ್ಲೇ ಇವೆ.